ನಾಲಿಗೆ ನಮ್ಮದು, ಅಳತೆ ಯಾರದು?

ನಮ್ಮ ಕಡೆ ಎರಡು ಗಾದೆ ಇವೆ. ಒಂದು, "ಊಟ ತನ್ನಿಚ್ಛೆ, ನೋಟ ಪರರಿಚ್ಛೆ". ಇನ್ನೊಂದು, "ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ". ಮೊದಲನೆಯದರ ಪ್ರಕಾರ ನಮಗೆ ಯಾವುದು ರುಚಿಸುತ್ತದೋ ಅದೇ ಸರಿ, ಇನ್ನೊಬ್ಬರನ್ನು ಕೇಳಬೇಕಾಗಿಲ್ಲ. ಎರಡನೆಯದರ ಪ್ರಕಾರ ಒಳ್ಳೆಯದು ಯಾವುದು ಅಂತ ಎಲ್ಲರಿಗೂ ತಿಳಿಯುವುದಿಲ್ಲ, ತಿಳಿದವರು ಹೇಳಬೇಕು, ಮಿಕ್ಕವರು ಕೇಳಬೇಕು.

ಎರಡೂ ಗಾದೆ ನಿಜವಾಗಿರಲು ಸಾಧ್ಯವೇ? ಮೈಸೂರಿಗೆ ಬಂದು ನೆಲೆಸಿದ ಮೇಲೆ ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತಿದೆ. ಅದಕ್ಕೆ ಕಾರಣ ಕಾಫಿ. ಇದು ಬರೀ ಬಾಯಿಚಪಲದ ಮಾತು ಅಂದುಕೊಳ್ಳಬೇಡಿ. ಬೆಳೆಯುವವರ, ಕುಯ್ಯುವವರ ದುಡ್ಡಿನ ಮಾತೂ ಇದರಲ್ಲಿದೆ.

ನಮ್ಮೂರು ಪಿರಿಯಾಪಟ್ಟಣ ತಾಲ್ಲೂಕಿನದು. ಚಳಿಗಾಲ ಶುರುವಾದರೆ ಊರಿನ ಎಷ್ಟೋ ಹೆಂಗಸರು ಕೊಡಗಿನ ತೋಟಗಳಿಗೆ ಕಾಫಿ ಹಣ್ಣು ಕುಯ್ಯಲು ಹೋಗುತ್ತಾರೆ. ನಸುಕಿನಲ್ಲಿ ಜೀಪು ಹತ್ತಿದರೆ ವಾಪಸು ಬರುವುದು ಕತ್ತಲಾದ ಮೇಲೆ. ನಮ್ಮ ಅವ್ವ ಹೀಗೆ ಹದಿನೈದು ವರ್ಷ ಹೋಗಿದ್ದಾಳೆ. ಅರೇಬಿಕಾ ತೋಟವಾದರೆ ಕೆಂಪು ಹಣ್ಣನ್ನಷ್ಟೇ ಕುಯ್ಯಬೇಕು, ಹಸಿರು ಕಾಯಿ ಮುಟ್ಟಬಾರದು. ಅದಕ್ಕೇ ಒಂದೇ ಗಿಡದ ಬುಡಕ್ಕೆ ಮೂರು ನಾಲ್ಕು ಸಲ ಹೋಗಬೇಕಾಗುತ್ತದೆ. ಸಂಜೆ ಚೀಲ ಸುರಿದಾಗ ಕಾಯಿ ಜಾಸ್ತಿ ಕಂಡರೆ ಮೇಸ್ತ್ರಿಯ ಬೈಗುಳ. ಸುಮಾರು ಆರು ಕೆಜಿ ಹಣ್ಣು ಕುಯ್ದರೆ ಕೊನೆಗೆ ಸಿಗುವುದು ಒಂದು ಕೆಜಿ ಕಾಫಿ ಬೀಜ.

ಅಷ್ಟೆಲ್ಲ ಕುಯ್ದು ಬಂದ ಮನೆಯಲ್ಲಿ ನಾವು ಕುಡಿಯುತ್ತಿದ್ದದ್ದು ಅಂಗಡಿಯ ಸಣ್ಣ ಪೊಟ್ಟಣದ ಪುಡಿಯ ಬೆಲ್ಲದ ಕಾಫಿ. ಕಪ್ಪಗೆ, ಗಟ್ಟಿಯಾಗಿ, ಒಂಥರಾ ಸುಟ್ಟ ವಾಸನೆಯ ಕಾಫಿ. ಅದರಲ್ಲಿ ಅರ್ಧಕ್ಕರ್ಧ ಚಿಕೋರಿ. ಚಿಕೋರಿ ಎಂದರೆ ಕಾಫಿಯ ಜಾತಿಯೇ ಅಲ್ಲ, ಅದೊಂದು ಗಿಡದ ಬೇರು. ಗುಜರಾತಿನ ಕಡೆ ಬೆಳೆಯುತ್ತಾರೆ. ಬೇರನ್ನು ಒಣಗಿಸಿ, ಹುರಿದು, ಪುಡಿ ಮಾಡುತ್ತಾರೆ. ಅದರಲ್ಲಿ ಕೆಫೀನ್ ಇರುವುದಿಲ್ಲ, ಆದರೆ ಬಣ್ಣ ಬಿಡುತ್ತದೆ, ದಪ್ಪ ಕೊಡುತ್ತದೆ, ಕಾಫಿ ಬೀಜಕ್ಕಿಂತ ಅಗ್ಗ. ನಮ್ಮ ದೇಶದ ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ 51 ಕಾಫಿ ಇರಲೇಬೇಕು, ಚಿಕೋರಿ ಎಷ್ಟಿದೆ ಅಂತ ಪೊಟ್ಟಣದ ಮೇಲೆ ಬರೆದಿರಬೇಕು. ನಿಮ್ಮ ಮನೆಯ ಪೊಟ್ಟಣ ತಿರುಗಿಸಿ ನೋಡಿ, ಸಣ್ಣ ಅಕ್ಷರದಲ್ಲಿ ಇರುತ್ತದೆ.

ಒಮ್ಮೊಮ್ಮೆ ಅವ್ವ ತೋಟದಲ್ಲಿ ಆಯ್ದ ಉದುರು ಹಣ್ಣನ್ನು ಸೆರಗಿನಲ್ಲಿ ಕಟ್ಟಿ ತರುತ್ತಿದ್ದಳು. ಒಣಗಿಸಿ, ಒರಳಲ್ಲಿ ಕುಟ್ಟಿ ಸಿಪ್ಪೆ ಬಿಡಿಸಿ, ಕಬ್ಬಿಣದ ಬಾಣಲೆಯಲ್ಲಿ ಹುರಿಯುತ್ತಿದ್ದಳು. ಆಗ ಮಾತ್ರ ಮನೆಯಲ್ಲಿ ಚಿಕೋರಿ ಇಲ್ಲದ ಕಾಫಿ. ನಿಜ ಹೇಳಬೇಕೆಂದರೆ ಮಕ್ಕಳಾದ ನಮಗೆ ಪೊಟ್ಟಣದ ಕಾಫಿಯೇ ಹೆಚ್ಚು ಇಷ್ಟವಾಗಿತ್ತು.

ಓದಲು ಮೈಸೂರಿಗೆ ಬಂದ ಹೊಸದರಲ್ಲಿ ಒಂದು ದಿನ ದೇವರಾಜ ಮಾರುಕಟ್ಟೆ ಕಡೆ ಹೋಗಿದ್ದೆ. ಕಾಫಿ ಪುಡಿ ಬೀಸುವ ಅಂಗಡಿಯಿದ್ದರೆ ಬೀದಿಗೆಲ್ಲ ಘಮ ಬರುತ್ತದೆ, ಹುಡುಕಬೇಕಾಗಿಲ್ಲ. ಕಾಲು ಕೆಜಿ ಪುಡಿ ಕೊಡಿ ಅಂದೆ. "ಪೀಬೆರಿಯಾ, ಪ್ಲಾಂಟೇಶನ್ ಎ-ನಾ? ರೋಬಸ್ಟಾ ಎಷ್ಟು ಸೇರಿಸಲಿ? ಚಿಕೋರಿ ಬೇಕಾ ಬೇಡವಾ?" ಅಂತ ಅಂಗಡಿಯವರು ಒಂದೇ ಉಸಿರಿಗೆ ಕೇಳಿದರು. ನನ್ನ ಪಕ್ಕ ನಿಂತಿದ್ದ ಅಜ್ಜಿಯೊಬ್ಬರು ತಮ್ಮ ಲೆಕ್ಕವನ್ನು ಮಗ್ಗಿ ಒಪ್ಪಿಸಿದಂತೆ ಹೇಳಿ, ಬಿಸಿ ಪುಡಿ ಹಿಡಿದು ಹೊರಟರು. ಪೀಬೆರಿ ಅಂದರೆ ಹಣ್ಣಿನೊಳಗೆ ಎರಡು ಬೀಜದ ಬದಲು ಒಂದೇ ದುಂಡು ಬೀಜ ಇರುವುದು. ಪ್ಲಾಂಟೇಶನ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಅರೇಬಿಕಾ. ಅದರ ಮುಂದಿನ "ಎ" ಅನ್ನುವುದು ರುಚಿಯ ದರ್ಜೆ ಅಂತ ತಿಳಿದವರೇ ಹೆಚ್ಚು. ಆದರೆ ಅದು ಮುಖ್ಯವಾಗಿ ಜರಡಿಯ ಕಣ್ಣಿನ ಲೆಕ್ಕ, ಅಂದರೆ ಬೀಜದ ಗಾತ್ರ.

ಇದೆಲ್ಲ ಹಳೇ ಮೈಸೂರು. ಈಗ ಹೊಸ ಬಗೆಯ ಕಾಫಿ ಅಂಗಡಿಗಳು ಬಂದಿವೆ. ಅಲ್ಲಿ ಹಾಲು, ಸಕ್ಕರೆ ಹಾಕದೆ ಕೊಡುತ್ತಾರೆ. ಯಾವ ತೋಟ, ಯಾವ ತಳಿ, ಎಷ್ಟು ಎತ್ತರದಲ್ಲಿ ಬೆಳೆದದ್ದು ಅಂತ ಹಲಗೆಯ ಮೇಲೆ ಬರೆದಿರುತ್ತಾರೆ. ಕಿತ್ತಳೆ, ಬೆಲ್ಲ, ಮಲ್ಲಿಗೆಯ ಸುಳಿವು ಇದೆ ಅನ್ನುತ್ತಾರೆ. ಒಂದು ಲೋಟದ ಬೆಲೆ ಇನ್ನೂರು ರೂಪಾಯಿಯ ಹತ್ತಿರ. ಗೆಳೆಯರ ಜೊತೆ ಹೋಗಿದ್ದಾಗ ನಾನು, "ಇದಕ್ಕಿಂತ ನಮ್ಮೂರ ಬೆಲ್ಲದ ಕಾಫಿಯೇ ನನಗಿಷ್ಟ" ಅಂದೆ. ಜೊತೆಯಲ್ಲಿದ್ದವನೊಬ್ಬ ನಗುತ್ತಾ ಕತ್ತೆ-ಕಸ್ತೂರಿಯ ಗಾದೆ ಹೇಳಿದ. ತಮಾಷೆಗೇ ಹೇಳಿದ್ದು. ಆದರೂ ಮನಸ್ಸಿಗೆ ಚುಚ್ಚಿತು. ಆ ಬೀಜ ಕುಯ್ದ ಕೈಗಳು ನಮ್ಮೂರಿನಂಥ ಊರುಗಳವು. ಕುಯ್ದವರು ಕತ್ತೆ, ಕೊಂಡವರು ಜಾಣರು ಅಂತಾದರೆ ಎಲ್ಲೋ ಲೆಕ್ಕ ತಪ್ಪಿದೆ ಅನ್ನಿಸಿತು.

ಆ ಲೆಕ್ಕ ಬಿಡಿಸಿದ್ದು ಅವ್ವ. ಕಣ್ಣು ತೋರಿಸಲು ಮೈಸೂರಿಗೆ ಬಂದಿದ್ದಳು. ಆಸ್ಪತ್ರೆ ಕೆಲಸ ಮುಗಿದ ಮೇಲೆ ಅಂಥದೇ ಒಂದು ಕಾಫಿ ಅಂಗಡಿಗೆ ಕರೆದುಕೊಂಡು ಹೋದೆ. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಎಂಗದವ್ವಾ?" ಅಂದೆ.

"ಉಳಿ ಕಣ್ ಮಗಾ. ಆಲಿಲ್ಲ, ಬೆಲ್ಲ ಇಲ್ಲ. ನಂಗ್ ಸೇರಕಿಲ್ಲ."

ಆಮೇಲೆ ಮೇಜಿನ ಮೇಲಿದ್ದ ಗಾಜಿನ ಭರಣಿಯನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಅದರಲ್ಲಿ ಹುರಿದ ಬೀಜ ತುಂಬಿತ್ತು.

"ಆದ್ರೆ ಬೀಜ ಸಂದಾಗದೆ. ಒಂದೂ ಕಾಯಿ ಇಲ್ಲ ನೋಡು. ಅಣ್ಣ್ ನೋಡ್ಕಂಡೇ ಕುಯ್ದವ್ರೆ."

"ಹುರಿದ ಮೇಲೆ ಅದೆಂಗೆ ಗೊತ್ತಾಯ್ತದೆ?"

"ಕಾಯಿ ಬೀಜ ಉರುದ್ರೆ ಬಣ್ಣ ಬರಕಿಲ್ಲ, ಬೆಳ್ಳಗೇ ಉಳ್ಕತದೆ. ಎಷ್ಟ್ ವರ್ಸ ಉರ್ದಿಲ್ಲ ನಾನು?"

ಕೌಂಟರಿನ ಹುಡುಗ ಇದನ್ನು ಕೇಳಿಸಿಕೊಂಡು ಹತ್ತಿರ ಬಂದ. ಅಂಥ ಬೆಳ್ಳಗಿನ ಬೀಜಕ್ಕೆ ತಮ್ಮ ಕಸುಬಿನಲ್ಲಿ ಕ್ವೇಕರ್ ಅನ್ನುತ್ತಾರೆ, ಹುರಿದ ಮೇಲೆ ಕೂತು ಒಂದೊಂದನ್ನೇ ಆರಿಸಿ ಬಿಸಾಡುತ್ತೇವೆ, ಒಂದೆರಡು ಉಳಿದರೂ ಲೋಟದ ಕಾಫಿ ಕಡಲೆಬೀಜದ ಸಿಪ್ಪೆಯಂತೆ ಸಪ್ಪೆಯಾಗುತ್ತದೆ ಅಂದ. "ಎಲ್ಲಿ ಕಲಿತ್ರಿ ಅಮ್ಮಾ?" ಅಂತ ಕೇಳಿದ. ಅವ್ವ, "ತ್ವಾಟದಲ್ಲಿ" ಅಂದಳು.

ಅವ್ವ ಹೇಳಿದ್ದು ಎರಡು ಮಾತು. ಒಂದು ಅವಳ ನಾಲಿಗೆಯ ಬಗ್ಗೆ: ನನಗೆ ಸೇರುವುದಿಲ್ಲ. ಇನ್ನೊಂದು ಬೀಜದ ಬಗ್ಗೆ: ಇದು ಒಳ್ಳೆಯದು. ಒಂದು ಇನ್ನೊಂದನ್ನು ಸುಳ್ಳು ಮಾಡಲಿಲ್ಲ. ಸೇರಲಿಲ್ಲ ಅಂತ ಅವಳು ಬೀಜವನ್ನು ಹಳಿಯಲಿಲ್ಲ. ಬೀಜ ಒಳ್ಳೆಯದು ಅಂತ ತನ್ನ ನಾಲಿಗೆಯನ್ನು ಬದಲಿಸಿಕೊಳ್ಳಲೂ ಹೋಗಲಿಲ್ಲ.

ಆಹಾರ ವಿಜ್ಞಾನಿಗಳು ಮಾಡುವುದೂ ಇದನ್ನೇ ಅಂತ ಆಮೇಲೆ ತಿಳಿಯಿತು. ಮೈಸೂರಿನ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಶುರುವಾದ ಸಿಎಫ್‌ಟಿಆರ್‌ಐ ನಿಮಗೆ ಗೊತ್ತಿರಬಹುದು. ಆಹಾರ ಪದಾರ್ಥಗಳ ರುಚಿ, ವಾಸನೆಗಳನ್ನು ಅಳೆಯುವ ವಿದ್ಯೆಯೇ ಅಲ್ಲೊಂದು ವಿಭಾಗ. ಈ ವಿದ್ಯೆಯಲ್ಲಿ ರುಚಿ ನೋಡುವವರು ಎರಡು ಗುಂಪು. ಮೊದಲ ಗುಂಪು ತರಬೇತಿ ಪಡೆದವರದು. ಅವರನ್ನು "ನಿಮಗೆ ಇಷ್ಟವಾಯಿತೇ?" ಅಂತ ಕೇಳುವುದೇ ಇಲ್ಲ. ಕಹಿ ಎಷ್ಟಿದೆ, ಹುಳಿ ಎಷ್ಟಿದೆ, ಬೂಷ್ಟಿನ ವಾಸನೆ ಇದೆಯೇ, ಅಂತಷ್ಟೇ ಕೇಳುತ್ತಾರೆ. ಎರಡನೇ ಗುಂಪು ನಮ್ಮ ನಿಮ್ಮಂಥ ಸಾಮಾನ್ಯರದು. ನಮ್ಮನ್ನು ಕೇಳುವುದು ಇಷ್ಟವೋ ಇಲ್ಲವೋ ಅಂತ ಮಾತ್ರ. ಅದಕ್ಕೆ "ತುಂಬಾ ತುಂಬಾ ಇಷ್ಟ"ದಿಂದ "ಸ್ವಲ್ಪವೂ ಸೇರದು" ತನಕ ಒಂಬತ್ತು ಮೆಟ್ಟಿಲ ಅಳತೆ ಇದೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೈನ್ಯ ತನ್ನ ಸಿಪಾಯಿಗಳಿಗೆ ಯಾವ ಊಟ ಸೇರುತ್ತದೆ ಅಂತ ತಿಳಿಯಲು ಇದನ್ನು ಬಳಕೆಗೆ ತಂದಿತು. ಎರಡು ಗುಂಪಿನ ಉತ್ತರಗಳನ್ನು ಒಂದಕ್ಕೊಂದು ಬೆರೆಸುವುದಿಲ್ಲ.

ಕಾಫಿಯ ರುಚಿ ನೋಡುವುದಕ್ಕೂ ಕ್ರಮವಿದೆ. 150 ಮಿಲಿಲೀಟರ್ ನೀರಿಗೆ 8.25 ಗ್ರಾಂ ಪುಡಿ, ನೀರಿನ ಬಿಸಿ 93 ಡಿಗ್ರಿ. ನಾಲ್ಕು ನಿಮಿಷ ಬಿಟ್ಟು, ಮೇಲೆ ಕಟ್ಟಿದ ಕೆನೆಯಂಥ ಪುಡಿಯನ್ನು ಚಮಚದಿಂದ ಒಡೆದು ವಾಸನೆ ನೋಡುತ್ತಾರೆ. ಆಮೇಲೆ ಸೊರ್ ಅಂತ ಹೀರುತ್ತಾರೆ. ಮನೆಯಲ್ಲಿ ಹಾಗೆ ಹೀರಿದರೆ ಬೈಸಿಕೊಳ್ಳುತ್ತೇವೆ, ಅಲ್ಲಿ ಅದೇ ಶಿಸ್ತು. ನೂರಕ್ಕೆ ಎಂಬತ್ತರ ಮೇಲೆ ಅಂಕ ಬಂದರೆ ಸ್ಪೆಷಾಲಿಟಿ ಕಾಫಿ, ಅದಕ್ಕೆ ಬೆಲೆಯೂ ಹೆಚ್ಚು.

ಇಷ್ಟು ಹೇಳಿದರೆ ನೀವು ಕೇಳಬಹುದು: ನಾಲಿಗೆ ಹೇಳಿದ್ದು ನಿಜ ಅಂತ ನಂಬುವುದು ಹೇಗೆ? ಇದಕ್ಕೆ ಒಂದು ಹಳೇ ಕಥೆ ಇದೆ. ಸ್ಪೇನ್ ದೇಶದ ಸೆರ್ವಾಂಟಿಸ್ ಬರೆದ ಡಾನ್ ಕ್ವಿಕ್ಸೋಟ್ ಕಾದಂಬರಿಯಲ್ಲಿ ಬರುತ್ತದೆ. 1757ರಲ್ಲಿ ಡೇವಿಡ್ ಹ್ಯೂಮ್ ಎಂಬ ತತ್ವಜ್ಞಾನಿ ರುಚಿಯ ಬಗ್ಗೆ ಬರೆಯುವಾಗ ಇದನ್ನೇ ಉದಾಹರಣೆ ಕೊಟ್ಟ. ಇಬ್ಬರು ನೆಂಟರನ್ನು ಒಂದು ಪೀಪಾಯಿ ವೈನ್ ರುಚಿ ನೋಡಲು ಕರೆಯುತ್ತಾರೆ. ಒಬ್ಬ, ಚೆನ್ನಾಗಿದೆ, ಆದರೆ ಸ್ವಲ್ಪ ಚರ್ಮದ ವಾಸನೆ ಅನ್ನುತ್ತಾನೆ. ಇನ್ನೊಬ್ಬ, ಚೆನ್ನಾಗಿದೆ, ಆದರೆ ಸ್ವಲ್ಪ ಕಬ್ಬಿಣದ ರುಚಿ ಅನ್ನುತ್ತಾನೆ. ಸುತ್ತ ಇದ್ದವರು ಇಬ್ಬರನ್ನೂ ಗೇಲಿ ಮಾಡುತ್ತಾರೆ. ಪೀಪಾಯಿ ಖಾಲಿಯಾದಾಗ ತಳದಲ್ಲಿ ಒಂದು ಹಳೇ ಕಬ್ಬಿಣದ ಬೀಗದಕೈ ಸಿಗುತ್ತದೆ. ಅದಕ್ಕೆ ಚರ್ಮದ ದಾರ ಕಟ್ಟಿರುತ್ತದೆ.

ಅಂದರೆ ಗುಣ ಅನ್ನುವುದು ಪೀಪಾಯಿಯೊಳಗೆ ಇರುವ ಸಂಗತಿ. ತಳ ನೋಡಿದರೆ ಸಿಗಬೇಕು. ಬರೀ ಬಾಯಿಮಾತಿನ ದೊಡ್ಡಸ್ತಿಕೆಗೆ ಗುಣ ಅನ್ನಲಾಗದು.

ಹಾಗಂತ ಪರಿಣತರು ಹೇಳಿದ್ದೆಲ್ಲ ನಿಜವೂ ಅಲ್ಲ. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ಬಣ್ಣಿಸಿದರು. 2001ರಲ್ಲಿ ಪ್ರಕಟವಾದ ಅಧ್ಯಯನ ಇದು. ಕಣ್ಣು ನಾಲಿಗೆಗೆ ಏನು ಹೇಳಬೇಕೆಂದು ಹೇಳಿಕೊಟ್ಟುಬಿಟ್ಟಿತ್ತು. ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಪರ್ಧೆಯೊಂದರಲ್ಲಿ ಒಂದೇ ಬಾಟಲಿಯ ವೈನನ್ನು ತೀರ್ಪುಗಾರರಿಗೆ ತಿಳಿಯದಂತೆ ಮೂರು ಸಲ ಕೊಟ್ಟು ನೋಡಿದರು. ಮೂರು ಸಲವೂ ಹತ್ತಿರ ಹತ್ತಿರ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರು ಮಾತ್ರ.

ಇನ್ನೊಂದು ಘಟನೆ 1976ರ ಮೇ 24ರದು. ಪ್ಯಾರಿಸ್ಸಿನಲ್ಲಿ ಫ್ರೆಂಚ್ ತೀರ್ಪುಗಾರರ ಮುಂದೆ ಫ್ರಾನ್ಸಿನ ಹೆಸರಾಂತ ವೈನ್‌ಗಳನ್ನೂ ಆಗ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಕ್ಯಾಲಿಫೋರ್ನಿಯಾದ ವೈನ್‌ಗಳನ್ನೂ ಹೆಸರು ಮುಚ್ಚಿ ಇಟ್ಟರು. ಕೆಂಪು, ಬಿಳಿ ಎರಡರಲ್ಲೂ ಮೊದಲ ಸ್ಥಾನ ಕ್ಯಾಲಿಫೋರ್ನಿಯಾಕ್ಕೇ ಬಂತು. ಹೆಸರು ಕಾಣುತ್ತಿದ್ದರೆ ಹಾಗಾಗುತ್ತಿತ್ತೇ ಅನ್ನುವುದು ಅನುಮಾನ. ರುಚಿ ನೋಡುವ ಕೋಣೆಗಳಲ್ಲಿ ಲೋಟದ ಮೇಲೆ ಹೆಸರು ಬರೆಯದೆ ಏನೂ ಅರ್ಥವಿಲ್ಲದ ಮೂರಂಕಿಯ ಸಂಖ್ಯೆ ಬರೆಯುವುದು, ಬಣ್ಣ ಕಾಣದಂತೆ ಕೆಂಪು ದೀಪ ಹಾಕುವುದು ಇದಕ್ಕೇ.

ಇನ್ನೊಂದು ತೊಡಕಿದೆ. ಕೆಲವು ಸಲ "ಗುಣಮಟ್ಟ" ಅಂತ ಹೇಳುವುದು ಬೇರೆ ಯಾರದೋ ಅಭ್ಯಾಸವಾಗಿರುತ್ತದೆ. ಬೆಂಗಳೂರು, ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ ನೋಡಿ. ಭೌಗೋಳಿಕ ಗುರುತು ಪಡೆದ ಹಣ್ಣು. ಅದಕ್ಕೊಂದು ಗಾಢವಾದ ವಾಸನೆ ಇದೆ. ಯುರೋಪಿನ ವೈನ್ ಬಲ್ಲವರಿಗೆ ಆ ವಾಸನೆ ವೈನಿನಲ್ಲಿ ದೋಷ. ಅದನ್ನೇ ತಿಂದು ಬೆಳೆದ ನಮಗೆ ದ್ರಾಕ್ಷಿ ಅಂದರೆ ಅದೇ ವಾಸನೆ. ಇಲ್ಲಿ ಹಣ್ಣು ಕೆಟ್ಟಿಲ್ಲ, ನಾಲಿಗೆಗಳು ಬೇರೆ ಬೇರೆ ಊರಲ್ಲಿ ಬೆಳೆದಿವೆ ಅಷ್ಟೆ.

ಮಂಡ್ಯದ ಬೆಲ್ಲದ್ದು ಇನ್ನೂ ವಿಚಿತ್ರ. ಗಿರಾಕಿಗೆ ಬೆಲ್ಲ ಬೆಳ್ಳಗೆ, ಹಳದಿಯಾಗಿ ಹೊಳೆಯಬೇಕು. ಅಂಥ ಬೆಲ್ಲಕ್ಕೆ ಹೆಚ್ಚು ಬೆಲೆ. ಅದಕ್ಕಾಗಿ ಎಷ್ಟೋ ಆಲೆಮನೆಗಳಲ್ಲಿ ಹಾಲು ಕುದಿಯುವಾಗ ಹೈಡ್ರೋಸ್ ಎಂಬ ರಾಸಾಯನಿಕ ಹಾಕುತ್ತಾರೆ. ಬಣ್ಣ ತಿಳಿಯಾಗುತ್ತದೆ, ರುಚಿ ಹೆಚ್ಚುವುದಿಲ್ಲ. ಏನೂ ಹಾಕದ ಕಪ್ಪು ಬೆಲ್ಲ ಸಂತೆಯಲ್ಲಿ ಎರಡನೇ ದರ್ಜೆ, ನಗರದ ಸಾವಯವ ಅಂಗಡಿಯಲ್ಲಿ ಮೊದಲ ದರ್ಜೆ. ಬೆಲ್ಲ ಅದೇ, ಅಳೆಯುವ ಕಣ್ಣು ಬೇರೆ.

ಹಾಗಾದರೆ ನಿಜವಾದ ಗುಣ ಯಾವುದು, ಬರೀ ರೂಢಿ ಯಾವುದು ಅಂತ ತಿಳಿಯುವುದು ಹೇಗೆ? ನಾನು ಕಂಡುಕೊಂಡ ದಾರಿ ಒಂದೇ. "ಚೆನ್ನಾಗಿಲ್ಲ" ಅಂತ ಯಾರಾದರೂ ಅಂದರೆ, "ಏನಿಲ್ಲ, ಏನಿದೆ ತೋರಿಸಿ" ಅಂತ ಕೇಳುವುದು. ತೋರಿಸಲು ಆದರೆ ಅದು ಗುಣದ ಮಾತು. ಆಗದಿದ್ದರೆ ಅದು ಅವರ ಇಷ್ಟದ ಮಾತು. ಇಷ್ಟವನ್ನು ಗೌರವಿಸೋಣ, ಆದರೆ ಅದರ ಹೆಸರಲ್ಲಿ ಬೆಲೆ ಕಡಿಮೆ ಮಾಡಿಸಿಕೊಳ್ಳಬೇಕಾಗಿಲ್ಲ.

ಇದು ಎಷ್ಟು ಮುಖ್ಯ ಅನ್ನುವುದು ನಮ್ಮ ನೆಂಟರ ಮನೆಯಲ್ಲೇ ಕಂಡಿತು. ದೊಡ್ಡಮ್ಮನ ಮಗಳನ್ನು ಸೋಮವಾರಪೇಟೆ ಕಡೆಗೆ ಕೊಟ್ಟಿದ್ದೇವೆ. ಅವರದು ಒಂದೂವರೆ ಎಕರೆ ಕಾಫಿ. ಭಾವ ಒಣಗಿಸಿದ ಚೆರಿ ಕಾಫಿಯನ್ನು ಮಾರಲು ಹೋದಾಗ ವ್ಯಾಪಾರಿ ಒಂದು ಹಿಡಿ ಕೈಗೆ ತೆಗೆದುಕೊಂಡು, "ಕ್ವಾಲಿಟಿ ಇಲ್ಲ ಬಿಡಿ" ಅಂದು ಬೆಲೆ ಇಳಿಸಿದ. ಎಷ್ಟೋ ವರ್ಷ ಭಾವ ತಲೆಯಾಡಿಸಿ ಕೊಟ್ಟು ಬರುತ್ತಿದ್ದರು. ಆ ಸಲ ಮಾತ್ರ, "ಕ್ವಾಲಿಟಿ ಇಲ್ಲ ಅಂದ್ರೆ ಏನಿಲ್ಲ ಹೇಳಿ" ಅಂತ ಕೇಳಿದರು.

ಕೇಳಿದ ಮೇಲೆ ಉತ್ತರ ಕೊಡಲೇಬೇಕಾಯಿತು. ಯಾಕೆಂದರೆ ಇದಕ್ಕೆಲ್ಲ ಅಳತೆ ಇದೆ. 50 ಕೆಜಿ ಚೆರಿ ಸಿಪ್ಪೆ ಬಿಡಿಸಿದರೆ ಎಷ್ಟು ಕೆಜಿ ಬೀಜ ಸಿಗುತ್ತದೆ ಅನ್ನುವುದು ಔಟ್‌ಟರ್ನ್, ಅದನ್ನು ಸ್ಯಾಂಪಲ್ ಕುಟ್ಟಿ ತೂಗಿ ನೋಡಬಹುದು. ತೇವ ಶೇ 11ರ ಆಸುಪಾಸಿನಲ್ಲಿ ಇರಬೇಕು, ಅದಕ್ಕೆ ಮೀಟರು ಇದೆ. ಕಪ್ಪು ಬೀಜ, ಒಡೆದ ಬೀಜ, ಕಾಯಿಕೊರಕ ತೂತು ಮಾಡಿದ ಬೀಜ ಎಷ್ಟು ಅನ್ನುವುದನ್ನು ಎಣಿಸಬಹುದು. ನೋಡಿದಾಗ ಬೀಜದಲ್ಲಿ ದೋಷ ಇರಲಿಲ್ಲ, ತೇವ ಮಾತ್ರ ಜಾಸ್ತಿ ಇತ್ತು. ಭಾವ ಚೀಲ ವಾಪಸು ತಂದು, ಕಣದಲ್ಲಿ ಮತ್ತೆ ಮೂರು ಬಿಸಿಲು ಒಣಗಿಸಿ, ಬೇರೆಯವರಿಗೆ ಅಂದಿನ ಪೂರ್ತಿ ದರಕ್ಕೆ ಮಾರಿದರು. "ಕ್ವಾಲಿಟಿ ಇಲ್ಲ" ಅನ್ನುವ ಒಂದು ಮಾತಿನ ಒಳಗೆ ಮೂರು ಬಿಸಿಲಿನ ಕೆಲಸ ಅಡಗಿತ್ತು.

ಗುಣ ಅನ್ನುವುದೆಲ್ಲ ಸುಳ್ಳು, ಎಲ್ಲವೂ ಅವರವರ ಇಷ್ಟ ಅಂತ ಭಾವ ನಂಬಿದ್ದರೆ ಈ ಪ್ರಶ್ನೆ ಕೇಳಲು ಆಗುತ್ತಿರಲಿಲ್ಲ. ಗುಣ ದೊಡ್ಡವರಿಗೆ ಮಾತ್ರ ತಿಳಿಯುತ್ತದೆ ಅಂತ ನಂಬಿದ್ದರೂ ಕೇಳುತ್ತಿರಲಿಲ್ಲ. ಅದಕ್ಕೇ ನನಗೆ ಈಗ ಎರಡೂ ಗಾದೆ ಬೇಕು, ಎರಡನೆಯದರಲ್ಲಿ ಕತ್ತೆಯನ್ನು ಬಿಟ್ಟು. ಪರಿಮಳ ಹಿಡಿಯುವುದು ಹುಟ್ಟಿನಿಂದ ಬರುವ ಯೋಗ್ಯತೆಯಲ್ಲ. ಅದು ಕಲಿಯುವ ಕೆಲಸ. ನಮ್ಮ ಎಷ್ಟೋ ಅವ್ವಂದಿರು ಬೇರೆ ಬೇರೆ ಪದಾರ್ಥಗಳಲ್ಲಿ ಅದನ್ನು ಕಲಿತೇ ಇದ್ದಾರೆ: ಹುಣಸೆಹಣ್ಣು ಹಳತೋ ಹೊಸತೋ, ರಾಗಿಗೆ ಮುಗ್ಗಲು ಹಿಡಿದಿದೆಯೋ ಇಲ್ಲವೋ ಅಂತ ಮೂಸಿ ಹೇಳುವವರಿಗೆ ಯಾರೂ ಪ್ರಮಾಣಪತ್ರ ಕೊಟ್ಟಿಲ್ಲ.

ನಿಮ್ಮ ನಾಲಿಗೆ ಎಷ್ಟು ಸೂಕ್ಷ್ಮ ಅಂತ ಮನೆಯಲ್ಲೇ ನೋಡಬಹುದು. ಪ್ರಯೋಗಾಲಯಗಳಲ್ಲಿ ಮಾಡುವ ಪರೀಕ್ಷೆಯೇ ಇದು, ಖರ್ಚಿಲ್ಲ. ಎರಡು ಬಗೆಯ ಕಾಫಿ ಪುಡಿ ತನ್ನಿ, ಒಂದು ಚಿಕೋರಿ ಇರುವುದು, ಒಂದು ಇಲ್ಲದ್ದು. ಕಾಫಿ ಬೇಡದಿದ್ದರೆ ಎರಡು ಬಗೆಯ ಬೆಲ್ಲದ ಪಾನಕ ಆದೀತು. ಒಂದೇ ಥರದ ಮೂರು ಸ್ಟೀಲ್ ಲೋಟ ಇಡಿ. ಎರಡರಲ್ಲಿ ಒಂದೇ ಬಗೆ, ಮೂರನೆಯದರಲ್ಲಿ ಇನ್ನೊಂದು. ಯಾವುದು ಯಾವುದು ಅಂತ ಲೋಟದ ತಳದಲ್ಲಿ ಗುರುತು ಹಾಕಿ, ಲೋಟಗಳನ್ನು ಅದಲುಬದಲು ಮಾಡುವ ಕೆಲಸ ಬೇರೆಯವರಿಗೆ ಕೊಡಿ. ರುಚಿ ನೋಡುವವರು ಕಣ್ಣು ಕಟ್ಟಿಕೊಳ್ಳಲಿ, ನಡುನಡುವೆ ಬಾಯಿ ಮುಕ್ಕಳಿಸಲಿ, ಬೇರೆಯಾದ ಲೋಟ ಯಾವುದು ಅಂತ ಹೇಳಲಿ. ಹೀಗೆ ಆರು ಸಲ ಮಾಡಿ. ಸುಮ್ಮನೆ ಊಹಿಸಿದರೂ ಸುಮಾರು ಎರಡು ಸಲ ಸರಿಯಾಗುತ್ತದೆ. ಐದಾರು ಸಲ ಸರಿ ಹೇಳಿದರೆ ಆ ನಾಲಿಗೆಗೆ ನಿಜವಾಗಿ ವ್ಯತ್ಯಾಸ ಸಿಕ್ಕಿದೆ ಅಂತ ಧೈರ್ಯವಾಗಿ ಹೇಳಬಹುದು.

ಅದು ಮುಗಿದ ಮೇಲೆ, ಯಾವುದು ಇಷ್ಟವಾಯಿತು ಅಂತ ಬೇರೆಯಾಗಿ ಕೇಳಿ. ಎರಡು ಉತ್ತರವನ್ನೂ ಎರಡು ಸಾಲಿನಲ್ಲಿ ಬರೆದಿಡಿ. ವ್ಯತ್ಯಾಸವನ್ನು ಎಲ್ಲರಿಗಿಂತ ಚೆನ್ನಾಗಿ ಹಿಡಿದವರೇ ಕೊನೆಗೆ ಚಿಕೋರಿ ಕಾಫಿಯೇ ಇರಲಿ ಅಂದರೆ ಆಶ್ಚರ್ಯ ಪಡಬೇಡಿ. ಅವರಿಗೆ ಒಂದು ಲೋಟ ಜಾಸ್ತಿ ಕೊಡಿ.